ಅಂದು ಮುಯ್ಯಿ, ಇಂದು ಲಿಂಕು

ಈಚೆಗೆ ನನ್ನ ಫೋನಿಗೆ ಬರುವ ಮಕ್ಕಳ ಹುಟ್ಟುಹಬ್ಬದ ಆಮಂತ್ರಣಗಳಲ್ಲಿ ಮೂರು ಜಾತಿ. ಒಂದರಲ್ಲಿ ದಿನ, ಹೊತ್ತು, ಜಾಗ, ಅಷ್ಟೇ. ಎರಡನೆಯದರ ಕೊನೆಗೆ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಅಂತ ಒಂದು ಸಾಲು. ಮೂರನೆಯದು ಹೊಸ ತಳಿ. ಮಗುವಿನ ಫೋಟೋ ಕೆಳಗೆ ಒಂದು ಲಿಂಕು, ಒತ್ತಿದರೆ ಆನ್‌ಲೈನ್ ಅಂಗಡಿಯ ಪಟ್ಟಿ. ಸೈಕಲ್ಲು, ಲೆಗೋ, ಆಟದ ಟೆಂಟು, ಪುಸ್ತಕದ ಸೆಟ್ಟು. ಪಕ್ಕದಲ್ಲಿ ಬೆಲೆ. ಯಾರಾದರೂ ಆಗಲೇ ಕೊಂಡಿದ್ದರೆ ಅದಕ್ಕೊಂದು ಟಿಕ್ಕು.

ಈ ಮೂರನೆಯದನ್ನು ಕಂಡರೆ ನಮ್ಮ ಮನೆಯ ಹಿರಿಯರು ‘ಇದೇನು ಕೇಳಿ ಇಸ್ಕೊಳ್ಳೋದು, ನಾಚಿಕೆ ಬೇಡ್ವಾ’ ಅಂತಾರೆ. ನನ್ನ ವಾರಿಗೆಯವರು ‘ಒಂದೇ ಥರದ ಐದು ಡಾಕ್ಟರ್ ಸೆಟ್ ಬಂದರೆ ಎರಡು ಬೆಡ್‌ರೂಮಿನ ಮನೇಲಿ ಎಲ್ಲಿಡೋದು’ ಅಂತಾರೆ. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಇಬ್ಬರೂ ಒಂದು ವಿಷಯ ಮಾತ್ರ ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದಾರೆ, ಉಡುಗೊರೆಗೆ ಪಟ್ಟಿ ಅನ್ನೋದೇ ಹೊಸ ಕಾಲದ್ದು ಅಂತ. ಹಳೆಯದನ್ನು ಸ್ವಲ್ಪ ಕೆದಕಿದರೆ ಹಾಗೇನಿಲ್ಲ.

ರೋಮ್‌ನ ಕವಿ ಮಾರ್ಷಲ್‌ನನ್ನೇ ತಗೊಳ್ಳಿ. ಕ್ರಿ.ಶ. ಒಂದನೇ ಶತಮಾನದವನು. ಡಿಸೆಂಬರಿನಲ್ಲಿ ಬರುತ್ತಿದ್ದ ಸ್ಯಾಟರ್ನೇಲಿಯಾ ಅನ್ನೋ ಹಬ್ಬಕ್ಕೆ ರೋಮನ್ನರು ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಿದ್ದರು. ಅವುಗಳ ಜೊತೆ ಇಡಬಹುದಾದ ಎರಡೆರಡು ಸಾಲಿನ ಪದ್ಯಗಳನ್ನು ಈತ ಬರೆದು ಒಂದು ಪುಸ್ತಕವನ್ನೇ ಮಾಡಿದ. ಓದಿದರೆ ಉಡುಗೊರೆಗಳ ಕ್ಯಾಟಲಾಗು ಓದಿದ ಹಾಗೇ. ಅದರಲ್ಲಿ ನನಗೆ ಹಿಡಿಸಿದ್ದು ಅದರ ಜೋಡಣೆ. ಒಂದು ಸಾಹುಕಾರ ಕೊಡೋದು, ಇನ್ನೊಂದು ಬಡವ ಕೊಡೋದು ಅಂತ ಜೋಡಿ ಜೋಡಿಯಾಗಿ ಇಟ್ಟಿದ್ದಾನೆ. ದಂತದ ಸಾಮಾನಿಗೂ ಗಿಳಿಗೂ ಜಾಗ ಕೊಟ್ಟವನು ಹಲ್ಲುಕಡ್ಡಿಯನ್ನೂ ಒಂದು ಹಿಡಿ ಕಾಯಿಬೀಜವನ್ನೂ ಬಿಟ್ಟಿಲ್ಲ. ಕ್ರಿ.ಶ. 238ರಲ್ಲಿ ಸೆನ್ಸೊರೈನಸ್ ಅನ್ನೋ ವಿದ್ವಾಂಸ ತನ್ನ ಶ್ರೀಮಂತ ಪೋಷಕನ ಹುಟ್ಟುಹಬ್ಬಕ್ಕೆ ಕೊಟ್ಟಿದ್ದು ತಾನೇ ಬರೆದ ಪುಸ್ತಕ. ಆ ಪುಸ್ತಕದ ವಿಷಯವೂ ಹುಟ್ಟುಹಬ್ಬವೇ! ಅವರವರ ಕೈಲಾದದ್ದು ಕೊಡೋದಕ್ಕೆ ಅಲ್ಲಿ ಜಾಗ ಇತ್ತು.

ಇನ್ನು ನಮ್ಮ ಕಡೆಗೆ ಬನ್ನಿ. 1617ರ ಸೆಪ್ಟೆಂಬರ್, ಈಗಿನ ಮಧ್ಯಪ್ರದೇಶದ ಮಾಂಡು. ಬಾದಶಹ ಜಹಾಂಗೀರನ ಹುಟ್ಟುಹಬ್ಬ. ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಅಲ್ಲಿದ್ದು ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ಬಾದಶಹ ತಕ್ಕಡಿಯಲ್ಲಿ ಕೂತ. ಇನ್ನೊಂದು ತಟ್ಟೆಗೆ ಬೆಳ್ಳಿ, ಆಮೇಲೆ ಚಿನ್ನ, ಬಟ್ಟೆ, ಕೊನೆಗೆ ಹಿಟ್ಟು, ಬೆಣ್ಣೆ, ಕಾಳು. ತುಲಾಭಾರ ಮುಗಿದ ಮೇಲೆ ಬೆಳ್ಳಿ ತಗಡಿನಲ್ಲಿ ಮಾಡಿದ ಬಾದಾಮಿ, ಹಣ್ಣುಗಳನ್ನು ಆತ ನೆರೆದವರತ್ತ ಎರಚಿದನಂತೆ. ನಮ್ಮ ಇವತ್ತಿನ ರಿಟರ್ನ್ ಗಿಫ್ಟಿನ ತಾತ ಅದು ಅಂದರೆ ತಪ್ಪಿಲ್ಲ.

ಅದೇ ಜಹಾಂಗೀರ ಕೇಳೋದರಲ್ಲೂ ಹಿಂದೆ ಬಿದ್ದವನಲ್ಲ. ಅವನಿಗೆ ಇಂಗ್ಲೆಂಡಿನ ದೊಡ್ಡ ಜಾತಿಯ ಕುದುರೆ ಬೇಕಿತ್ತು. ಅಷ್ಟು ದೂರದ ಸಮುದ್ರಯಾನದಲ್ಲಿ ಕುದುರೆ ಬದುಕಿ ಬರೋದು ಕಷ್ಟ ಅಂತ ರೋ ಹೇಳಿದರೆ, ಆರು ಹತ್ತಿಸಿದರೆ ಒಂದಾದರೂ ಉಳಿದೀತು, ಬಡಕಲಾಗಿ ಬಂದರೆ ನಾನೇ ಕೊಬ್ಬಿಸಿಕೊಳ್ಳುತ್ತೇನೆ ಅಂದನಂತೆ. ಪಾಪ, ರೋ ತನ್ನ ಕಂಪನಿಗೆ ಪತ್ರದ ಮೇಲೆ ಪತ್ರ ಬರೆದ. ನೀವು ಕಳಿಸೋ ಉಡುಗೊರೆಗಳಿಗೆ ಇಲ್ಲಿ ಮರ್ಯಾದೆ ಇಲ್ಲ, ಇಂಥಿಂಥದ್ದು ಕಳಿಸಿ ಅಂತ. ಅಂದರೆ ನಾಲ್ಕು ಶತಮಾನದ ಹಿಂದೆಯೂ ಪಟ್ಟಿ ಇತ್ತು. ಆದರೆ ಅದನ್ನು ಕೇಳಿದವನು ಬಾದಶಹ, ತರಬೇಕಾಗಿದ್ದವನು ಅವನಿಂದ ವ್ಯಾಪಾರದ ಸವಲತ್ತು ಬೇಡಲು ಬಂದವನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬಾದಶಹರ ಕಥೆ ಬಿಡಿ, ನಮ್ಮ ನಿಮ್ಮಂಥವರ ಮನೆಗಳಲ್ಲಿ ಏನಿತ್ತು? ಮುಯ್ಯಿ ಇತ್ತು. ಹಳ್ಳಿ ಕಡೆಯ ಮದುವೆಗಳಲ್ಲಿ ಈಗಲೂ ಇದೆ. ಚಪ್ಪರದ ಒಂದು ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಯಾರು, ಯಾವ ಊರು, ಎಷ್ಟು ಅಂತ ಬರೆದುಕೊಳ್ಳುತ್ತಾರೆ. ಎಲ್ಲರಿಗೂ ಕೇಳೋ ಹಾಗೆ ಕೂಗಿ ಹೇಳುತ್ತಿದ್ದರಿಂದಲೇ ಅದಕ್ಕೆ ‘ಓದಿಸೋದು’ ಅಂತ ಹೆಸರು. ಮದುವೆ ಮುಗಿದರೂ ಆ ಪುಸ್ತಕ ಬೀರುವಿನಲ್ಲಿ ಭದ್ರ. ಅವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಅವರು ಮಾಡಿದಷ್ಟಕ್ಕೆ ಸ್ವಲ್ಪ ಸೇರಿಸಿ ತಿರುಗಿ ಮಾಡೋದು. ನೋಡೋದಕ್ಕೆ ಉಡುಗೊರೆ, ಒಳಗೆ ಬಡ್ಡಿಯಿಲ್ಲದ ಕೈಸಾಲ. ಹತ್ತು ಜನರ ಮುಯ್ಯಿ ಸೇರಿದರೆ ಅಡುಗೆಯವರ ಲೆಕ್ಕ ಚುಕ್ತಾ ಆಗುತ್ತಿತ್ತು.

ಉಡುಗೊರೆಯಲ್ಲಿ ಕೊಡೋದು, ತಗೊಳ್ಳೋದು, ತಿರುಗಿ ಕೊಡೋದು, ಮೂರೂ ಕಟ್ಟುಪಾಡುಗಳೇ ಅಂತ ಫ್ರಾನ್ಸಿನ ಮಾರ್ಸೆಲ್ ಮಾಸ್ 1925ರ ಹೊತ್ತಿಗೆ ದೊಡ್ಡ ಪ್ರಬಂಧ ಬರೆದ. ನಮ್ಮ ಮುಯ್ಯಿ ಪುಸ್ತಕ ಬರೆಯುವವರಿಗೆ ಅದು ಓದದೆಯೂ ಗೊತ್ತಿತ್ತು. ಕನ್ನಡಕ್ಕೂ ಗೊತ್ತು. ‘ಮುಯ್ಯಿ ತೀರಿಸೋದು’ ಅಂದರೆ ಉಡುಗೊರೆ ತಿರುಗಿಸೋದೂ ಹೌದು, ಸೇಡು ತೀರಿಸಿಕೊಳ್ಳೋದೂ ಹೌದು.

ಮುಯ್ಯಿಯನ್ನು ನಾನು ಹೊಗಳುತ್ತಾ ಕೂತಿಲ್ಲ. ಐದು ರೂಪಾಯಿ ಓದಿಸಿದವರ ಹೆಸರೂ ಚಪ್ಪರದಲ್ಲಿ ಮೊಳಗುತ್ತಿತ್ತು, ಅವರ ಮುಖ ಹೇಗಾಗುತ್ತಿತ್ತೋ. ಆದರೆ ಅದರಲ್ಲಿ ಒಂದು ನ್ಯಾಯ ಇತ್ತು. ಎಷ್ಟು ಅನ್ನೋದು ಕೊಡುವವನ ಶಕ್ತಿ ಮತ್ತು ಇಬ್ಬರ ಹಳೆಯ ಲೆಕ್ಕದ ಮೇಲೆ ನಿಂತಿತ್ತು. ಕರೆದವನ ಆಸೆಯ ಮೇಲಲ್ಲ.

ಮಕ್ಕಳ ಹುಟ್ಟುಹಬ್ಬಕ್ಕಂತೂ ಬಹಳ ಮನೆಗಳಲ್ಲಿ ಈ ಲೆಕ್ಕವೂ ಇರಲಿಲ್ಲ. ಎಣ್ಣೆ ಸ್ನಾನ, ಹೊಸ ಬಟ್ಟೆ, ದೇವಸ್ಥಾನದಲ್ಲಿ ಮಗುವಿನ ನಕ್ಷತ್ರ ಹೇಳಿ ಅರ್ಚನೆ, ಮನೆಯಲ್ಲಿ ಪಾಯಸ, ಸಂಜೆ ಆರತಿ. ಶಾಲೆಯಲ್ಲಿ ಬಣ್ಣದ ಬಟ್ಟೆ ಹಾಕಿಕೊಂಡು ಕ್ಲಾಸಿಗೆಲ್ಲ ಚಾಕ್ಲೇಟು ಹಂಚೋದು. ಗಮನಿಸಿ, ಹಂಚುತ್ತಿದ್ದದ್ದು ಹುಟ್ಟುಹಬ್ಬದ ಮಗುವೇ.

ಹಾಗಾದರೆ ಬೆಲೆ ಸಮೇತ ಈ ಪಟ್ಟಿ ಎಲ್ಲಿಂದ ಬಂತು? ಅಮೆರಿಕದ ಅಂಗಡಿಯಿಂದ. 1924ರಲ್ಲಿ ಶಿಕಾಗೋದ ಮಾರ್ಷಲ್ ಫೀಲ್ಡ್ಸ್ ಅನ್ನೋ ದೊಡ್ಡ ಮಳಿಗೆ ಮದುವೆ ಹುಡುಗಿಯರಿಗೆ ಒಂದು ಸೌಕರ್ಯ ಮಾಡಿಕೊಟ್ಟಿತು. ಯಾವ ಡಿಸೈನಿನ ಪಿಂಗಾಣಿ ತಟ್ಟೆ, ಯಾವ ಬೆಳ್ಳಿ ಚಮಚ ಬೇಕು ಅಂತ ಅವರು ಬರೆಸಿಟ್ಟು ಹೋಗಬಹುದು. ನೆಂಟರು ಬಂದು ಕೇಳಿದರೆ ಅಂಗಡಿಯವರು ತೋರಿಸುತ್ತಾರೆ. ಒಂದೇ ಥರದ ತಟ್ಟೆಗಳು ಸೆಟ್ಟಾಗಿ ಸೇರಬೇಕಲ್ಲ, ಅದಕ್ಕೆ ಇದು ಒಳ್ಳೆ ಉಪಾಯವೇ. ವ್ಯಾಪಾರವೂ ಆಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಪಟ್ಟಿ ಅಂಗಡಿಯಲ್ಲಿ ಇರುತ್ತಿತ್ತು, ಆಮಂತ್ರಣದಲ್ಲಿ ಅಲ್ಲ. 1922ರಲ್ಲಿ ಶಿಷ್ಟಾಚಾರದ ಬಗ್ಗೆ ದಪ್ಪ ಪುಸ್ತಕ ಬರೆದ ಎಮಿಲಿ ಪೋಸ್ಟ್ ಹೆಸರಿನ ಸಂಸ್ಥೆ ಇವತ್ತಿಗೂ ಹೇಳೋದು ಅದನ್ನೇ, ಮದುವೆ ಕಾರ್ಡಿನ ಮೇಲೆ ಉಡುಗೊರೆಯ ಮಾತು ಬೇಡ ಅಂತ. ಬೇಕಾದವರು ಹುಡುಗಿಯ ಅಮ್ಮನನ್ನೋ ಗೆಳತಿಯನ್ನೋ ಕೇಳಿ ತಿಳಿದುಕೊಳ್ಳುತ್ತಿದ್ದರು. ಬೇಡದವರು ಕೇಳದೆ ತಮಗೆ ತೋಚಿದ್ದು ತರುತ್ತಿದ್ದರು. ಪಟ್ಟಿಗೂ ಅತಿಥಿಗೂ ನಡುವೆ ಒಂದು ಹೆಜ್ಜೆ ದೂರ ಇತ್ತು, ಆ ಹೆಜ್ಜೆ ಇಡೋದು ಬಿಡೋದು ಅತಿಥಿಯ ಕೈಯಲ್ಲಿತ್ತು. 1993ರಲ್ಲಿ ಟಾರ್ಗೆಟ್ ಅಂಗಡಿಗಳು ಈ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದವು. ಆಮೇಲೆ ಇಂಟರ್ನೆಟ್ಟು, ಆಮೇಲೆ ವಾಟ್ಸಾಪು. ಆ ಒಂದು ಹೆಜ್ಜೆ ಮಾಯವಾಯಿತು.

ಅದರಿಂದೇನು ನಷ್ಟ? ನಮ್ಮ ಟೀಮಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಮೊದಲ ಕೆಲಸ, ಪೀಜಿಯಲ್ಲಿ ವಾಸ, ಸಂಬಳದ ಅರ್ಧ ಊರಿಗೆ. ಮೇಲಿನವರೊಬ್ಬರ ಮಗಳ ಹುಟ್ಟುಹಬ್ಬಕ್ಕೆ ಲಿಂಕು ಬಂತು. ಅಗ್ಗದವೆಲ್ಲ ಬೇಗ ಟಿಕ್ಕಾಗಿ, ಉಳಿದವುಗಳಲ್ಲಿ ತೀರಾ ಕಡಿಮೆಯದೇ 1,800 ರೂಪಾಯಿ. ಅವಳು ಜ್ವರ ಅಂತ ಹೇಳಿ ಹೋಗಲಿಲ್ಲ. ಕರೆದವರು ಕೆಟ್ಟವರಲ್ಲ, ಅವಳು ಬರಿಗೈಲಿ ಬಂದಿದ್ದರೂ ಹೋಳಿಗೆ ಬಡಿಸಿ ಕಳಿಸುವವರೇ. ಆದರೆ ಪಟ್ಟಿಗೆ ಅದನ್ನು ಹೇಳಲು ಬರೋದಿಲ್ಲ. ಜಹಾಂಗೀರನ ಮುಂದೆ ನಿಂತ ರೋ ನೆನಪಿದ್ದಾನಲ್ಲ? ಮೇಲಿರುವವರು ಸುಮ್ಮನೆ ಸೂಚಿಸಿದರೂ ಕೆಳಗಿರುವವರ ಕಿವಿಗೆ ಅದು ಅಪ್ಪಣೆಯೇ.

‘ಆಶೀರ್ವಾದವೇ ಉಡುಗೊರೆ’ ಅನ್ನೋ ಸಾಲು ಇದಕ್ಕೆ ಮದ್ದೇ? ಮನಸಾರೆ ಬರೆದಿದ್ದರೆ ಹೌದು. ಆದರೆ ಅದನ್ನು ನಂಬಿ ಬರಿಗೈಲಿ ಹೋದವರ ಎದುರಲ್ಲೇ ಮೂಲೆಯ ಮೇಜಿನ ಮೇಲೆ ಪೊಟ್ಟಣದ ರಾಶಿ ಬೆಳೆಯುತ್ತಿದ್ದರೆ ಅವರು ಕೇಕು ನುಂಗೋದು ಕಷ್ಟ. ಬೇಡ ಅಂದ ಮೇಲೆ ಬಂದದ್ದನ್ನು ಕೋಣೆಯೊಳಗೆ ಇಡಬೇಕು, ಎಲ್ಲರೆದುರು ಬಿಚ್ಚಬಾರದು.

ಪಟ್ಟಿಯನ್ನೇ ಬಿಡಿ ಅಂತ ನಾನು ಹೇಳೋದಿಲ್ಲ. ಕೊಂಡು ಬಿಸಾಡುವ ಪ್ಲಾಸ್ಟಿಕ್ಕಿಗಿಂತ ಮಗುವಿಗೆ ಬೇಕಾದ್ದು ಬರೋದು ಒಳ್ಳೆಯದೇ. ಆದರೆ ಅದು ಫೋನಿನಲ್ಲೇ ಇರಲಿ, ಆಮಂತ್ರಣದ ಮೇಲೆ ಬೇಡ. ‘ಏನು ತರಲಿ’ ಅಂತ ಅಜ್ಜಿಯೋ ಚಿಕ್ಕಮ್ಮನೋ ಕೇಳಿದರೆ ಧಾರಾಳವಾಗಿ ಹೇಳಿ. ಹೇಳುವಾಗ ಮಾರ್ಷಲ್‌ನ ಥರ ಎರಡೂ ಹೇಳಿ. ‘ಸೈಕಲ್ ಬೇಕು ಅಂತಿದ್ದಾಳೆ, ಇಲ್ಲಾಂದ್ರೆ ಒಂದು ಡಬ್ಬಿ ಕ್ರೆಯಾನ್ಸ್ ತನ್ನಿ, ಅದು ಎಷ್ಟಿದ್ದರೂ ಅವಳಿಗೆ ಸಾಲದು.’ ಆಫೀಸಿನ ಕಿರಿಯರು ಕೇಳಿದರೆ ಮಾತ್ರ ಸೈಕಲ್ಲಿನ ಸುದ್ದಿ ಎತ್ತಬೇಡಿ, ಬರೀ ಕ್ರೆಯಾನ್ಸ್ ಅನ್ನಿ.