ರೆಕ್ಕೆ, ಸುರುಳಿ, ಬಾಲ: ಸಣ್ಣ ಗಾಳಿಯಂತ್ರದ ಮೂಲಕ ವಿನ್ಯಾಸ ಬೋಧನೆ

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಸಣ್ಣ ಗಾಳಿಯಂತ್ರ ಕಟ್ಟಿಸುವ ಪದ್ಧತಿ ಈಗ ಹಲವು ದೇಶಗಳಲ್ಲಿದೆ. ಇದರಿಂದ ಕೈಕೆಲಸ ಬರುತ್ತದೆ, ಪರಿಸರದ ಅರಿವು ಮೂಡುತ್ತದೆ ಎಂದು ಹೇಳುವುದುಂಟು, ಎರಡೂ ನಿಜ. ಪಠ್ಯಕ್ರಮದಲ್ಲಿ ಇದಕ್ಕೆ ಸ್ಥಾನ ಕೊಡಲು ಇನ್ನೂ ಬಲವಾದ ಕಾರಣವೊಂದಿದೆ. ಬಿಡಿಭಾಗಗಳೆಲ್ಲ ಉತ್ತಮವಾಗಿದ್ದ ಮಾತ್ರಕ್ಕೆ ಯಂತ್ರ ಉತ್ತಮವಾಗದು ಎಂಬ ವಿನ್ಯಾಸದ ಮೂಲಪಾಠವನ್ನು ಕಡಿಮೆ ಖರ್ಚಿನಲ್ಲಿ ಕಣ್ಣಿಗೆ ಕಾಣುವಂತೆ ತೋರಿಸುವ ಶಕ್ತಿ ಈ ಯಂತ್ರಕ್ಕಿದೆ ಎಂಬುದು ಈ ಲೇಖನದ ವಾದ.

ಈ ಪರಂಪರೆ ಹಳೆಯದು. ಡೆನ್ಮಾರ್ಕಿನ ಆಸ್ಕೋವ್ ಜನತಾ ಶಾಲೆಯ ಅಧ್ಯಾಪಕ ಪೌಲ್ ಲಾ ಕೂರ್ 1891ರಲ್ಲಿ ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರ ಕಟ್ಟಿದರು. ಮುಂದೆ ಹಳ್ಳಿಯ ಯುವಕರಿಗೆ ವಿದ್ಯುತ್ ಕೆಲಸದ ತರಬೇತಿಯನ್ನೂ ಆರಂಭಿಸಿದರು. 1904ರಲ್ಲಿ ಅಲ್ಲಿ ಕಲಿತ ಯೊಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್‌ನಲ್ಲಿ 200 ಕಿಲೋವಾಟ್‌ನ ಮೂರು ರೆಕ್ಕೆಯ ಯಂತ್ರವನ್ನು ನಿಲ್ಲಿಸಿದರು. ವೇಗ ಮಿತಿ ಮೀರಿದಾಗ ತಡೆಯಾಗುವ ರೆಕ್ಕೆತುದಿಗಳು ಅದರಲ್ಲಿದ್ದವು.

ಇಂದು ಶಿಕ್ಷಣಕ್ಕೆ ಹೆಚ್ಚು ಒದಗುತ್ತಿರುವುದು ಸ್ಕಾಟ್ಲೆಂಡಿನ ಸ್ಕೊರೇಗ್ ಪರ್ಯಾಯದ್ವೀಪದಲ್ಲಿ ಹ್ಯೂ ಪಿಗಟ್ ರೂಪಿಸಿದ ಮಾದರಿ. ಇದರ ರೆಕ್ಕೆಗಳನ್ನು ಉಳಿ, ಕೀಸುಳಿಗಳಿಂದ ಮರದಲ್ಲೇ ಕೆತ್ತಬಹುದು. ಆಯಸ್ಕಾಂತ ಕೂರಿಸಿದ ಎರಡು ಉಕ್ಕಿನ ತಟ್ಟೆಗಳು ತಿರುಗುತ್ತವೆ. ನಡುವೆ ರೆಸಿನ್‌ನಲ್ಲಿ ಎರಕ ಹೊಯ್ದ ತಾಮ್ರದ ಸುರುಳಿಗಳು ಸ್ಥಿರವಾಗಿರುತ್ತವೆ. ತಟ್ಟೆಗೆ 12 ಆಯಸ್ಕಾಂತಗಳಾದರೆ ಸುರುಳಿ 9. ಪಿಗಟ್ ಅಳತೆಗಳನ್ನೆಲ್ಲ ಕೊಟ್ಟಿದ್ದಾರೆ. ಅದು ಉಪಕಾರವೂ ಹೌದು, ಅಪಾಯವೂ ಹೌದು: ಅಳತೆ ನೋಡಿ ಕಟ್ಟಿದ ತಂಡಕ್ಕೆ ಯಂತ್ರ ದಕ್ಕುತ್ತದೆ, ವಿನ್ಯಾಸ ದಕ್ಕಬೇಕೆಂದಿಲ್ಲ.

ವಿನ್ಯಾಸ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಲೆಕ್ಕವೇ ಹೇಳಲಿ. ರೆಕ್ಕೆಚಕ್ರದ ವ್ಯಾಸ 2.4 ಮೀಟರ್, ಅಂದರೆ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಅದರ ಮೂಲಕ ಸುಮಾರು 340 ವಾಟ್ ಹೊತ್ತು ಸಾಗುತ್ತದೆ; ವೇಗ 10 ಮೀಟರ್ ಆದರೆ 2,700 ವಾಟ್. ಬೆಟ್ಜ್ ಮಿತಿಯಂತೆ ಅದರಲ್ಲಿ ಶೇ. 59.3ಕ್ಕಿಂತ ಹೆಚ್ಚು ಹಿಡಿಯಲಾಗದು. ಹಿಡಿಯಬಹುದಾದಷ್ಟನ್ನು ಹಿಡಿಯಲು ರೆಕ್ಕೆತುದಿ ಗಾಳಿಯ ಸುಮಾರು 7 ಪಟ್ಟು ವೇಗದಲ್ಲಿ ಓಡಬೇಕೆಂದು ಇಟ್ಟುಕೊಳ್ಳೋಣ. 3 ಮೀಟರ್ ಗಾಳಿಯಲ್ಲಿ ನಿಮಿಷಕ್ಕೆ ಸುಮಾರು 170 ಸುತ್ತು ಸಾಕು, 10 ಮೀಟರ್‌ನಲ್ಲಿ 560 ಬೇಕು. ಜನರೇಟರಿನ ವೋಲ್ಟೇಜ್ ಸುತ್ತುಗಳ ಅನುಪಾತದಲ್ಲೇ ಏರಬೇಕು. ಆದರೆ ನೇರವಾಗಿ ಜೋಡಿಸಿದ ಬ್ಯಾಟರಿ ವೋಲ್ಟೇಜನ್ನು ಹೆಚ್ಚು ಏರಗೊಡುವುದಿಲ್ಲ. ಸುರುಳಿಯ ರೋಧ ಕಡಿಮೆಯಿದ್ದಷ್ಟೂ ಈ ಹಿಡಿತ ಬಿಗಿ. ಜೋರು ಗಾಳಿಯಲ್ಲೂ ಚಕ್ರ ನಿಧಾನವಾಗಿಯೇ ತಿರುಗುತ್ತದೆ, ರೆಕ್ಕೆಯ ಮೈಯಿಂದ ಗಾಳಿ ಕಳಚಿಕೊಂಡು ಎತ್ತುವ ಬಲ ಕುಸಿಯುತ್ತದೆ. ಹೀಗೆ, ಪ್ರಯೋಗಾಲಯದಲ್ಲಿ ಅತ್ಯುತ್ತಮ ಎನಿಸಿಕೊಂಡ ಜನರೇಟರೇ ರೆಕ್ಕೆಗಳ ಕೈಕಟ್ಟಿಹಾಕುತ್ತದೆ.

ಪರಿಹಾರಗಳಿವೆ, ಪ್ರತಿಯೊಂದಕ್ಕೂ ಬೆಲೆಯಿದೆ. ತಟ್ಟೆಗಳ ನಡುವಿನ ಅಂತರ ಹೆಚ್ಚಿಸಿದರೆ ಚಕ್ರ ಸಡಿಲವಾಗಿ ಓಡುತ್ತದೆ, ಮಂದ ಗಾಳಿಯ ಉತ್ಪಾದನೆ ಹೋಗುತ್ತದೆ. ತಂತಿಯ ರೋಧ ಹೆಚ್ಚಿಸಿದರೆ ಶಾಖದಲ್ಲಿ ನಷ್ಟ. ವೋಲ್ಟೇಜ್ ಹೊಂದಿಸುವ ಎಲೆಕ್ಟ್ರಾನಿಕ್ ನಿಯಂತ್ರಕ ತಂದರೆ ಖರ್ಚಿನ ಜೊತೆಗೆ ಕೆಡಬಹುದಾದ ಇನ್ನೊಂದು ಭಾಗ. ಯಾವುದು ಸರಿ ಎಂಬುದನ್ನು ಆ ಊರಿನ ಗಾಳಿಯ ದಾಖಲೆ ನೋಡಿಯೇ ನಿರ್ಧರಿಸಬೇಕು. ಇಂಥ ನಿರ್ಧಾರವನ್ನು ಕಾರಣ ಸಹಿತ ಸಮರ್ಥಿಸಬಲ್ಲ ವಿದ್ಯಾರ್ಥಿ ವಿನ್ಯಾಸ ಕಲಿತಿದ್ದಾನೆ ಎನ್ನಲು ನನಗೆ ಸಂಕೋಚವಿಲ್ಲ.

ಬಾಲದ ವಿಷಯವೂ ಹಾಗೆಯೇ. ಚಕ್ರವನ್ನು ಕಂಬದ ಅಕ್ಷದಿಂದ ತುಸು ಪಕ್ಕಕ್ಕೆ ಕೂರಿಸಿ ಬಾಲವನ್ನು ಓರೆ ಕೀಲಿನಲ್ಲಿ ತೂಗುಹಾಕುತ್ತಾರೆ. ಗಾಳಿಯ ಒತ್ತಡ ಮಿತಿ ಮೀರಿದಾಗ ಬಾಲ ಮೇಲೆದ್ದು ಮಡಚಿಕೊಳ್ಳುತ್ತದೆ, ಚಕ್ರ ಗಾಳಿಗೆ ಓರೆಯಾಗುತ್ತದೆ. ಬಾಲ ಅಗತ್ಯಕ್ಕಿಂತ ಭಾರವಾದರೆ ಸುರುಳಿ ಸುಡುತ್ತದೆ. ಹಗುರಾದರೆ ಒಳ್ಳೆಯ ಗಾಳಿ ವ್ಯರ್ಥ.

ಚಿತ್ರದುರ್ಗ, ಗದಗ ಸೀಮೆಯ ಗುಡ್ಡಗಳ ಮೇಲೆ ದೊಡ್ಡ ಗಾಳಿಯಂತ್ರಗಳ ಸಾಲು ಕಾಣುವ ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಅಧ್ಯಾಪಕರಲ್ಲಿ ಒಂದು ವಿನಂತಿ. ಇಂಥ ಯೋಜನೆಗೆ ಅಂಕ ಕೊಡುವಾಗ ಗರಿಷ್ಠ ವಾಟ್ ಒಂದನ್ನೇ ನೋಡಬೇಡಿ. ರೆಕ್ಕೆ, ಜನರೇಟರುಗಳನ್ನು ಹೇಗೆ ಹೊಂದಿಸಿದರು, ಬಾಲದ ತೂಕವನ್ನು ಏಕೆ ಅಷ್ಟಕ್ಕೆ ನಿಲ್ಲಿಸಿದರು ಎಂದು ಕೇಳಿ, ಅರ್ಧದಷ್ಟಾದರೂ ಅಂಕವನ್ನು ಆ ಉತ್ತರಗಳಿಗೆ ಮೀಸಲಿಡಿ.