ಎಫ್‌ಸಿ ಬಣ್ಣದಡಿಯ ತುಕ್ಕು

ಕೋಝಿಕ್ಕೋಡಿನ ಕಡಲಂಚಿನಿಂದ ಹೊರಟ ರಸ್ತೆ ತಾಮರಶ್ಶೇರಿ ಘಟ್ಟದ ಒಂಬತ್ತು ತಿರುವು ಹತ್ತಿ, ಲಕ್ಕಿಡಿ, ಕಲ್ಪೆಟ್ಟ, ಸುಲ್ತಾನ್ ಬತ್ತೇರಿ ದಾಟಿ, ಪೊನ್ಕುಳಿಯ ರಾಮನ ಗುಡಿಯ ಮುಂದೆ ಹಾದು ಮೂಲೆಹೊಳೆಯ ಬಳಿ ಕರ್ನಾಟಕ ಸೇರುತ್ತದೆ. ಹಿಂದೆ 212 ಆಗಿದ್ದು ಈಗ 766 ಆಗಿರುವ ಈ ಹೆದ್ದಾರಿಯಲ್ಲಿ ಗುಂಡ್ಲುಪೇಟೆಯ ತರಕಾರಿ ಕೆಳಗಿಳಿಯುತ್ತದೆ, ಕಡಲ ಮೀನು ಮೇಲೇರುತ್ತದೆ. ಇಲ್ಲಿ ಓಡಿದ ವ್ಯಾನುಗಳು ತುಕ್ಕು ತಿಂದು ಸವೆದರೆ ವಯನಾಡಿನ ಮಳೆಯನ್ನು ದೂರುವುದು ವಾಡಿಕೆ. ಅದು ಅರ್ಧ ಸತ್ಯ. ತುಕ್ಕನ್ನು ಹುಟ್ಟಿಸಿದ್ದು ನೀರೇ ಇರಬಹುದು, ಸಾಕಿ ಬೆಳೆಸಿದ್ದು ಮಾತ್ರ ರಿಪೇರಿಯ ರೀತಿ.

ಮೋಟಾರು ಬಂದ ಮೊದಲ ದಶಕಗಳಲ್ಲಿ ತಗಡಿನ ತಗ್ಗು ತುಂಬಲು ಸೀಸ ಮತ್ತು ತವರ ಬೆರೆತ ಬೆಸುಗೆ ಬಳಸುತ್ತಿದ್ದರು. ಈ ಬೆಸುಗೆಗೊಂದು ಹಟವಿದೆ: ಉಕ್ಕು ಹೊಳೆಯುವಷ್ಟು ಶುದ್ಧವಾಗಿರದಿದ್ದರೆ ಅಂಟುವುದೇ ಇಲ್ಲ. ಹಾಗಾಗಿ ಕೆಲಸಗಾರ ಬಯಸಲಿ ಬಿಡಲಿ, ತುಕ್ಕನ್ನು ಪೂರ್ತಿ ಕೆರೆಯಲೇಬೇಕಿತ್ತು. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂತು. ಅಗ್ಗ, ಬೆಂಕಿ ಬೇಡ, ಅರ್ಧ ಗಂಟೆಯೊಳಗೆ ಗಟ್ಟಿ. ಅದು ಅರೆಬರೆ ಕೆರೆದ ತಗಡಿಗೂ ಸದ್ಯಕ್ಕೆ ಹಿಡಿದುಕೊಳ್ಳುತ್ತದೆ. ತೂತಿನ ಹಿಂಬದಿಯಿಂದ ತೇವ ಬಂದರೆ ಹೀರಿಕೊಂಡು ತಗಡಿಗೆ ಒತ್ತಿ ಇಟ್ಟುಕೊಳ್ಳುತ್ತದೆ, ಮೇಲೆ ಬಣ್ಣ ಗುಳ್ಳೆ ಏಳುತ್ತದೆ. ಬಣ್ಣದ ಕಡೆಯೂ ಇಂಥದೇ ಸೌಕರ್ಯ ಒದಗಿತ್ತು. ಡ್ಯುಪಾಂಟ್ ಕಂಪನಿಯ ಡ್ಯೂಕೊ 1924ರಲ್ಲಿ ಓಕ್ಲೆಂಡ್ ಕಾರುಗಳ ಮೇಲೆ ಬಂದಾಗ ವಾರಗಟ್ಟಲೆಯ ಬಣ್ಣದ ಕೆಲಸ ದಿನಗಳಿಗೆ ಇಳಿಯಿತು. ಬೇಗ ಆರುವ ಆ ಜಾತಿಯ ಬಣ್ಣಕ್ಕೆ ಕಾರ್ಖಾನೆಯ ಒಲೆ ಬೇಡ. ಒಂದು ಕಂಪ್ರೆಸರ್, ಒಂದು ಸ್ಪ್ರೇ ಗನ್, ವಾಟರ್ ಪೇಪರ್ ಇದ್ದರೆ ರಸ್ತೆಬದಿಯ ಟಿಂಕರಿಂಗ್ ಶೆಡ್ಡಿನಲ್ಲೇ ಹೊಡೆಯಬಹುದು. ಶೆಡ್ಡಿನವರ ಕೈಚಳಕಕ್ಕೆ ನನ್ನ ತಕರಾರಿಲ್ಲ. ಕೆರೆಯದೆಯೂ ಮುಗಿಸಬಹುದಾದ ಸಾಮಾನು ಕೈಗೆ ಬಂದ ಮೇಲೆ ಕೆರೆಯುವ ಕೂಲಿಯನ್ನು ಗಿರಾಕಿ ಕೊಡುವುದು ಕಷ್ಟ, ಅಷ್ಟೇ.

ಈ ಅರೆಬರೆ ರಿಪೇರಿಗೆ ಪಂಚಾಂಗ ಬರೆದುಕೊಟ್ಟಿದ್ದು ಕಾನೂನು. ಬಾಡಿಗೆ ವಾಹನಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಬೇಕೆಂದು 1939ರ ಮೋಟಾರು ವಾಹನ ಕಾಯ್ದೆಯೇ ಹೇಳಿತ್ತು. 1988ರ ಕಾಯ್ದೆಯ 56ನೇ ಸೆಕ್ಷನ್ ಅದನ್ನು ಮುಂದುವರಿಸಿತು. ಹಳೆಯ ಗಾಡಿ ವರ್ಷಕ್ಕೊಮ್ಮೆ ಎಫ್‌ಸಿಗೆ ನಿಲ್ಲಬೇಕು. ಅದಕ್ಕೆ ಮುಂಚಿನ ವಾರ ಬಣ್ಣದ ವಾರ. ಬ್ರೇಕು, ದೀಪ, ಸ್ಟೇರಿಂಗನ್ನು ಪರೀಕ್ಷಿಸಬಹುದು; ಬಾಗಿಲಡಿಯ ಟೊಳ್ಳು ಪಟ್ಟಿಯ ಒಳಗೋಡೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜೀಪಿನ ಕಾಲಕ್ಕೆ ಇದರಿಂದ ದೊಡ್ಡ ಅಪಾಯವಿರಲಿಲ್ಲ. ಜೀಪಿನ ಬಲವೆಲ್ಲ ಅಡಿಯ ಚಾಸಿಯದು, ಮೇಲಿನ ತಗಡು ಕೊಳೆತರೆ ಬಿಚ್ಚಿ ಬೇರೆ ಕೂರಿಸಬಹುದಿತ್ತು. 1984ರಲ್ಲಿ ಬಂದು ಮುಂದೆ ಓಮ್ನಿ ಎಂದು ಮನೆಮಾತಾದ ಮಾರುತಿ ವ್ಯಾನಿನಲ್ಲಿ ಬೇರೆ ಚಾಸಿ ಇಲ್ಲ. ಬೆಸೆದ ತಗಡೇ ಅದರ ಎಲುಬು. ಅಲ್ಲಿ ಪುಟ್ಟಿ ಮೆತ್ತಿದರೆ ಮುಚ್ಚಿದ್ದು ಕಲೆಯನ್ನಲ್ಲ, ಮುರಿದ ಮೂಳೆಯನ್ನು.

ಲಕ್ಕಿಡಿಯಂಥ ಮಳೆ ಸುರಿಯುವಲ್ಲಿ ಏನು ಮಾಡಿದರೂ ಅಷ್ಟೇ ಎಂದು ಆಕ್ಷೇಪಿಸಬಹುದು. ಆದರೆ ಬಯಲಾಗಿರುವ ತಗಡಿನ ಮೇಲೆ ಬಿದ್ದ ನೀರು ಜಾರಿ ಒಣಗುತ್ತದೆ. ತೂತು ಬೀಳುವುದು ಬಾಗಿಲ ತಳದಲ್ಲಿ, ಚಕ್ರದ ಕಮಾನಿನ ಅಂಚಿನಲ್ಲಿ, ಅಂದರೆ ನೀರು ಹೊರಹೋಗುವ ಕಂಡಿ ಮಣ್ಣಿನಿಂದ ಕಟ್ಟಿಕೊಂಡಲ್ಲಿ. ಆ ಮಣ್ಣಿನಲ್ಲಿ ಮಳೆನೆರಳಿನ ಗುಂಡ್ಲುಪೇಟೆಯ ಧೂಳಿಗೂ ಪಾಲಿದೆ. ಮೀನಿನ ಗಾಡಿಯಲ್ಲಂತೂ ಕರಗಿದ ಮಂಜುಗಡ್ಡೆಯ ಉಪ್ಪುನೀರು ನೆಲದ ತಗಡನ್ನು ಮೇಲಿನಿಂದಲೇ ತಿನ್ನುತ್ತದೆ. ಅದಕ್ಕೆ ಆಷಾಢವೂ ಒಂದೇ, ಚೈತ್ರವೂ ಒಂದೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆಯುವ ಹಣ ಬಡ ಮಾಲೀಕನಿಗೆ ಎಲ್ಲಿಂದ ಬರಬೇಕು? ಬೆಸೆದರೂ ಗ್ಯಾಸಿನ ಉರಿಗೆ ಒಳಬದಿಯ ಬಣ್ಣ ಸುಟ್ಟುಹೋಗಿ ಹೊಸ ತುಕ್ಕಿಗೆ ಜಾಗವಾಗುತ್ತದೆ. ಎರಡೂ ನಿಜ. ಆದರೆ ದುಬಾರಿಯಲ್ಲದ ಉಪಾಯ ಚಾಲಕರಿಗೆ ಗೊತ್ತಿಲ್ಲದ್ದೇನಲ್ಲ: ಕಂಡಿಗಳ ಮಣ್ಣು ಕೆದಕುವುದು, ಅಡಿ ತೊಳೆದು ಒಣಗಿಸಿ ಟೊಳ್ಳಿನೊಳಗೆ ಹಳೆ ಎಂಜಿನ್ ಆಯಿಲ್ ಹೊಡೆಯುವುದು. ಗಲೀಜು ಕೆಲಸ, ಎಫ್‌ಸಿ ದಿನ ಇದಕ್ಕೆ ಯಾರೂ ಮೆಚ್ಚುಗೆ ಸೂಚಿಸುವುದಿಲ್ಲ. ಪೊನ್ಕುಳಿಯಿಂದ ಮುಂದೆ ಕಾಡಿನಲ್ಲೇ ಹಾದುಹೋಗುವ ಗಾಡಿಯಿಂದ ಈ ಆಯಿಲ್ ತೊಟ್ಟಿಕ್ಕಿ ಹೊಳೆ ಸೇರುತ್ತದೆಂಬ ದೂರಿಗಂತೂ ನನ್ನಲ್ಲಿ ಉತ್ತರವಿಲ್ಲ. ಅಂಥ ಕಡೆ ಟೊಳ್ಳಿಗೆ ಹೊಡೆಯಬೇಕಾದದ್ದು ಮೇಣ, ಮತ್ತು ಅದರ ಖರ್ಚು ಬಣ್ಣದ ಬಾಬ್ತಿನಿಂದಲೇ ಬರಬೇಕು.