ಯಾವ ಸೇವೆ ಮೊದಲು?

ಲಿನಕ್ಸ್ ಕಂಪ್ಯೂಟರ್ ಶುರುವಾಗುವಾಗ ಡಿಸ್ಕ್ ಜೋಡಣೆ, ನೆಟ್‌ವರ್ಕ್, ಡೇಟಾಬೇಸ್ ಹೀಗೆ ಹತ್ತಾರು ಸೇವೆಗಳು ಏಳುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೂ ಒಂದು ಚರಿತ್ರೆಯಿದೆ.

1983ರ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಪದ್ಧತಿ ಸರಳವಾದದ್ದು. ಸೇವೆಯ ಸ್ಕ್ರಿಪ್ಟಿನ ಹೆಸರಿಗೆ ಮುಂದೆ ಒಂದು ಸಂಖ್ಯೆ. 10 ಮುಗಿದ ಮೇಲೆ 20, ಆಮೇಲೆ 55. ರೇಷನ್ ಅಂಗಡಿಯ ಸಾಲಿನ ಹಾಗೆ ಒಂದೊಂದೇ. 55 ಯಾಕೆ ಎಂದು ಕೇಳಿದರೆ ಆ ಸಂಖ್ಯೆ ಉತ್ತರ ಹೇಳುವುದಿಲ್ಲ. ಕಾರಣ ಅದನ್ನು ಇಟ್ಟವರ ತಲೆಯಲ್ಲೇ ಉಳಿದಿರುತ್ತಿತ್ತು.

2006ರಲ್ಲಿ ಉಬುಂಟು 'ಅಪ್‌ಸ್ಟಾರ್ಟ್' ತಂದಿತು. 2010ರಲ್ಲಿ ಲೆನಾರ್ಟ್ ಪೊಟರಿಂಗ್ 'ಸಿಸ್ಟಮ್‌ಡಿ'ಯನ್ನು ಮುಂದಿಟ್ಟರು. ಅದರ ಸುತ್ತ 2014ರಲ್ಲಿ ಡೆಬಿಯನ್ ಸಮುದಾಯದಲ್ಲಿ ಎದ್ದ ಜಗಳ ದೊಡ್ಡದು. ಒಂದು ಗುಂಪು ಹೊರನಡೆದು 'ಡೆವುವಾನ್' ಕಟ್ಟಿಕೊಂಡಿತು. ಆ ಜಗಳಕ್ಕಿಂತ ನನಗೆ ಮುಖ್ಯವೆನಿಸುವುದು ಸಿಸ್ಟಮ್‌ಡಿ ಎರಡು ಪ್ರಶ್ನೆಗಳನ್ನು ಬಿಡಿಸಿಟ್ಟ ರೀತಿ. 'ಆಫ್ಟರ್' ಎಂದರೆ ಅದರ ನಂತರ. 'ರಿಕ್ವೈರ್ಸ್' ಎಂದರೆ ಅದು ಬೇಕೇ ಬೇಕು. 'ಆಫ್ಟರ್' ಮಾತ್ರ ಬರೆದರೆ ಹಿಂದಿನ ಸೇವೆ ಬಿದ್ದುಹೋದರೂ ಮುಂದಿನದು ಏಳುತ್ತದೆ. 'ರಿಕ್ವೈರ್ಸ್' ಮಾತ್ರ ಬರೆದರೆ ಎರಡೂ ಒಟ್ಟಿಗೆ ಏಳಲು ಹೊರಡುತ್ತವೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಹಳೆಯ ಪಾಠವೇ: ಒಂದು ಘಟನೆಯ ನಂತರ ನಡೆದದ್ದೆಲ್ಲ ಆ ಘಟನೆಯಿಂದಲೇ ನಡೆದದ್ದಲ್ಲ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು ಶಿವಮೊಗ್ಗ ಜಿಲ್ಲೆಯ ಶಾಸನಗಳವು. ಅವುಗಳ ಮೇಲಿನ ನನ್ನ ಸಂಶೋಧನಾ ಟಿಪ್ಪಣಿಗಳೆಲ್ಲ ವಿನೋಬನಗರದ ಕೋಣೆಯ ಕಂಪ್ಯೂಟರಿನಲ್ಲಿ, ಒಂದು ಹೊರಡಿಸ್ಕಿನ ಡೇಟಾಬೇಸಿನಲ್ಲಿವೆ. ಈ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಡೇಟಾಬೇಸ್ ಏಳುತ್ತಿರಲಿಲ್ಲ. ಕೈಯಾರೆ ಶುರು ಮಾಡಿದರೆ ತಕರಾರಿಲ್ಲದೆ ಏಳುತ್ತಿತ್ತು. ಹೀಗಾದರೆ ಮೊದಲು ಸರದಿಯನ್ನೇ ಅನುಮಾನಿಸಬೇಕು. 'ಜರ್ನಲ್‌ಸಿಟಿಎಲ್ -ಬಿ' ಆ ಸಲದ ದಾಖಲೆಯನ್ನು ಹೊತ್ತಿನ ಸಮೇತ ತೋರಿಸುತ್ತದೆ. ಡಿಸ್ಕಿಗೆ 'ನೋಫೇಲ್' ಎಂಬ ಗುರುತಿತ್ತು, ಅಂದರೆ ಅದಕ್ಕಾಗಿ ಯಾರೂ ಕಾಯಬೇಕಿಲ್ಲ. ಡಿಸ್ಕ್ ಜೋಡಣೆಯಾಗುವ ಮೊದಲೇ ಡೇಟಾಬೇಸ್ ಖಾಲಿ ಫೋಲ್ಡರ್ ನೋಡಿ ನಿಂತುಬಿಡುತ್ತಿತ್ತು.

ಇಂಥಲ್ಲಿ ಹಲವರು 'ಸ್ಲೀಪ್ 30' ಎಂದು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಅದು ಆ ಹಳೆಯ 55ರ ತಮ್ಮನೇ. ಡಿಸ್ಕ್ ಒಂದು ದಿನ 40 ಸೆಕೆಂಡ್ ತೆಗೆದುಕೊಂಡರೆ ಕತೆ ಮುಗಿಯಿತು. 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂದು ಬರೆದು ಫೋಲ್ಡರಿನ ದಾರಿ ಕೊಟ್ಟರೆ 'ಬೇಕು', 'ನಂತರ' ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಈಗ ಡಿಸ್ಕ್ ಸಿಗದಿದ್ದರೆ ಡೇಟಾಬೇಸ್ ಏಳುವುದಿಲ್ಲ. ಯಾವುದಕ್ಕೆ ಕಾದು ಕೈಬಿಟ್ಟಿತು ಎಂಬುದು ದಾಖಲೆಯಲ್ಲಿರುತ್ತದೆ.